ಚಳಿಗಾಲದ ಕಾಡಿಗೂ ಒಂದು ಹೊದಿಕೆ ಬೇಕು

ಚಳಿಗಾಲದಲ್ಲಿ ಕಾಡುಪ್ರಾಣಿಗಳು ಹೇಗೆ ಬದುಕುತ್ತವೆ ಎಂದು ಮಲೆನಾಡಿನ ಯಾವುದೇ ಶಾಲೆಯಲ್ಲಿ ಕೇಳಿದರೂ ಮಕ್ಕಳಿಗೆ ಮೊದಲು ಹೊಳೆಯುವುದು ಹಿಮದ ನಾಡಿನ ಉತ್ತರ. ಕರಡಿ ಗುಹೆಯಲ್ಲಿ ಮಲಗುತ್ತದೆ, ಅಳಿಲು ಕಾಯಿಗಳನ್ನು ಬಚ್ಚಿಡುತ್ತದೆ, ಹಕ್ಕಿಗಳು ದಕ್ಷಿಣಕ್ಕೆ ಹಾರುತ್ತವೆ. ಉತ್ತರ ತಪ್ಪಲ್ಲ, ಆದರೆ ಅದು ಬೇರೊಂದು ನಾಡಿನ ಚಳಿಗಾಲ. ಶಾಲೆಯ ಹಿಂದಿನ ಬೆಟ್ಟದಲ್ಲಿ ಮಾರ್ಗಶಿರದ ರಾತ್ರಿಗಳನ್ನು ಕಳೆಯುವ ಜೀವಿಗಳು ಯಾವುವು, ಅವು ಏನನ್ನು ನಂಬಿ ಬದುಕುತ್ತವೆ ಎಂಬುದನ್ನು ಪಾಠಗಳು ಹೇಳುವುದು ಅಪರೂಪ. ಈ ಅರಿವಿನ ಕೊರತೆಯ ಬೆಲೆಯನ್ನು ಮೊದಲು ತೆರುವುದು ಕಾಡು. ಅದರ ಬೆನ್ನಿಗೇ ತೋಟ, ಗದ್ದೆ ಮತ್ತು ಹಳ್ಳದ ನೀರು.

ಹಿಮದ ಚಳಿ, ಮಲೆನಾಡಿನ ಚಳಿ

ಹಿಮಾಲಯದ ಎತ್ತರದಲ್ಲಿ ಚಳಿಗಾಲವೆಂದರೆ ನೆಲವೇ ಹೆಪ್ಪುಗಟ್ಟುವ ಕಾಲ. ಅಲ್ಲಿನ ಮಾರ್ಮೊಟ್ ಎಂಬ ದಂಶಕವು ಆಳವಾದ ಬಿಲದೊಳಗೆ ಗುಂಪಾಗಿ ಸೇರಿ, ವರ್ಷದ ಸುಮಾರು ಅರ್ಧ ಭಾಗವನ್ನು ದೀರ್ಘನಿದ್ರೆಯಲ್ಲಿ ಕಳೆಯುತ್ತದೆ. ಬೇಸಿಗೆಯಲ್ಲಿ ಕೂಡಿಸಿಕೊಂಡ ಕೊಬ್ಬೇ ಅದರ ಬುತ್ತಿ. ಮೊಲದ ಬಂಧುವಾದ ಪೈಕಾ ಮಲಗುವುದಿಲ್ಲ. ಅದರ ಕೆಲವು ಜಾತಿಗಳು ಹುಲ್ಲನ್ನು ಒಣಗಿಸಿ ಕಲ್ಲಿನ ಸಂದುಗಳಲ್ಲಿ ಬಣವೆ ಹಾಕಿಡುತ್ತವೆ. ಟಿಬೆಟ್ ಹಾಗೂ ಮಂಗೋಲಿಯದ ಕಡೆಯ ಪಟ್ಟೆತಲೆಯ ಹೆಬ್ಬಾತುಗಳು ಮಹಾಪರ್ವತವನ್ನೇ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಪಶ್ಚಿಮ ಘಟ್ಟದ ಚಳಿಗಾಲದ ಸ್ವಭಾವ ಬೇರೆ. ಇಲ್ಲಿ ಹಿಮ ಬೀಳುವುದಿಲ್ಲ. ದೀಪಾವಳಿಯ ನಂತರ ಆಕಾಶ ತಿಳಿಯಾಗುತ್ತದೆ; ಹಗಲು ಕಾದ ನೆಲವು ರಾತ್ರಿಯ ವೇಳೆಗೆ ತನ್ನ ಶಾಖವನ್ನೆಲ್ಲ ಬಯಲಿಗೆ ಬಿಟ್ಟುಕೊಡುತ್ತದೆ. ಭಾರವಾದ ತಣ್ಣನೆಯ ಗಾಳಿ ಗುಡ್ಡದಿಂದ ಇಳಿದು ಕಣಿವೆಯಲ್ಲಿ ನಿಲ್ಲುತ್ತದೆ. ಹಗಲಿನಲ್ಲಿ 28–30 ಡಿಗ್ರಿ ಇದ್ದ ಉಷ್ಣತೆ ಕೆಲವು ಕಣಿವೆಗಳಲ್ಲಿ ಬೆಳಗಿನ ಜಾವಕ್ಕೆ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಜೊತೆಗೆ ಮಳೆ ನಿಂತಿರುತ್ತದೆ, ಒಣಗಾಳಿ ಬೀಸುತ್ತದೆ, ಹುಲ್ಲು ಹಳದಿಯಾಗುತ್ತದೆ, ಕೀಟಗಳು ಕಡಿಮೆಯಾಗುತ್ತವೆ. ಆದುದರಿಂದ ಇಲ್ಲಿನ ಜೀವಿಗಳ ಮುಂದಿರುವ ಸವಾಲು ಮೂರು ಬಗೆಯದು: ರಾತ್ರಿಯ ಚಳಿ, ದಿನದಿಂದ ದಿನಕ್ಕೆ ಹೆಚ್ಚುವ ಒಣಗು, ಮತ್ತು ಅವೆರಡರ ಹಿಂದೆ ಬರುವ ಹಸಿವು.

ಈ ಮೂರನ್ನೂ ದೀರ್ಘನಿದ್ರೆಯಿಂದ ಗೆಲ್ಲಲಾಗದು. ಪಾಠದಲ್ಲಿ ಮಲಗುವ ಕರಡಿ ಜೊಯಿಡಾ, ಹಳಿಯಾಳ ಕಡೆಯ ಕಾಡುಗಳಲ್ಲಿ ಎಚ್ಚರವಾಗಿಯೇ ಇರುತ್ತದೆ. ಗೆದ್ದಲು, ಇರುವೆ, ಜೇನು, ಹಣ್ಣುಗಳನ್ನು ಹುಡುಕುತ್ತ ವರ್ಷವಿಡೀ ಅಲೆಯುತ್ತದೆ. ಹೆಣ್ಣು ಕರಡಿ ಗುಹೆ ಸೇರುವುದು ನಿದ್ದೆಗಲ್ಲ, ಬಾಣಂತನಕ್ಕೆ. ಮರಿಗಳು ಹುಟ್ಟುವುದು ಹೆಚ್ಚಾಗಿ ನವೆಂಬರ್‌ನಿಂದ ಜನವರಿಯ ಅವಧಿಯಲ್ಲಿಯೇ. ಆ ದಿನಗಳಲ್ಲಿ ಕಲ್ಲುಪೊಟರೆಗಳ ಬಳಿ ಕಟ್ಟಿಗೆಗೆ ಹೋಗುವವರು ಇದನ್ನು ನೆನಪಿಡುವುದು ಕರಡಿಗೂ ಕ್ಷೇಮ, ಮನುಷ್ಯನಿಗೂ ಕ್ಷೇಮ.

ತರಗೆಲೆಯ ಕೆಳಗಿನ ಲೋಕ

ದೊಡ್ಡ ದೇಹಕ್ಕೆ ಶಾಖವನ್ನು ಉಳಿಸಿಕೊಳ್ಳುವುದು ಸುಲಭ. ಕಾಟಿಯ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಹುಟ್ಟುವ ಕಾವೇ ಅದಕ್ಕೆ ಒಲೆಯಂತೆ. ದೇಹ ಚಿಕ್ಕದಾದಂತೆ ಶಾಖ ಬೇಗ ಸೋರಿಹೋಗುತ್ತದೆ. ಅದಕ್ಕಾಗಿಯೇ ಕಳ್ಳಿಪೀರ ಹಕ್ಕಿಗಳು ಸಂಜೆಯಾಗುತ್ತಲೇ ಕೊಂಬೆಯ ಮೇಲೆ ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ಕೂರುತ್ತವೆ. ಕೀಟಭಕ್ಷಕ ಬಾವಲಿಗಳಲ್ಲಿ ಹಲವು ತಮ್ಮ ದೇಹದ ಉಷ್ಣತೆಯನ್ನೇ ತಗ್ಗಿಸಿ, ಉಸಿರನ್ನು ನಿಧಾನಗೊಳಿಸಿ, ಹಗಲನ್ನು ಜಡವಾಗಿ ಕಳೆಯುತ್ತವೆ. ತುಡುವೆ ಜೇನು ಪೊಟರೆಯೊಳಗೆ ಉಂಡೆಗಟ್ಟಿ, ರೆಕ್ಕೆ ಬಡಿಯದೆಯೇ ರೆಕ್ಕೆಯ ಸ್ನಾಯುಗಳನ್ನು ಅದುರಿಸಿ, ಮರಿಹುಳುಗಳ ಸುತ್ತ 33–35 ಡಿಗ್ರಿ ಶಾಖವನ್ನು ಕಾಯ್ದುಕೊಳ್ಳುತ್ತದೆ.

ತಾವೇ ಶಾಖ ಹುಟ್ಟಿಸಿಕೊಳ್ಳಲಾಗದ ಜೀವಿಗಳಿಗೆ ಆಶ್ರಯ ನೀಡುವುದು ನೆಲ. ಮಣ್ಣಿನ ಒಂದೆರಡು ಅಡಿ ಆಳದಲ್ಲಿ ಹಗಲು ರಾತ್ರಿಗಳ ಉಷ್ಣತೆಯ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ಆ ಮಣ್ಣಿನ ಮೇಲೆ ಒಂದು ಗೇಣು ತರಗೆಲೆ ಹಾಸಿದ್ದರೆ ಮೇಲ್ಪದರದಲ್ಲಿಯೂ ಶಾಖ ಮತ್ತು ತೇವ ಎರಡೂ ಉಳಿಯುತ್ತವೆ. ಕಪ್ಪೆಗಳು, ಕಾಲಿಲ್ಲದ ಉಭಯಜೀವಿಗಳಾದ ಸಿಸಿಲಿಯನ್‌ಗಳು, ಮುಟ್ಟಿದರೆ ಉಂಡೆಯಾಗುವ ಸಹಸ್ರಪದಿಗಳು, ಎರೆಹುಳುಗಳು ಇವೆಲ್ಲ ಮುಂದಿನ ಮಳೆಯವರೆಗೆ ಉಳಿಯುವುದು ಈ ಹೊದಿಕೆಯ ಕೆಳಗೆ ಮತ್ತು ಅದು ಕಾಪಾಡಿದ ಹಸಿಮಣ್ಣಿನಲ್ಲಿ. ಬಸವನಹುಳು ಚಿಪ್ಪಿನ ಬಾಯಿಗೆ ತೆಳುವಾದ ಪೊರೆ ಕಟ್ಟಿಕೊಂಡು ಒಳಗೆ ತೇವವನ್ನು ಹಿಡಿದಿಡುತ್ತದೆ.

ಈ ಸಣ್ಣ ಜೀವಿಗಳನ್ನು ನಂಬಿ ಬದುಕುವವು ಇನ್ನೆಷ್ಟೋ. ಕಾಡುಕೋಳಿ ಕೆದಕುವುದು ತರಗೆಲೆಯನ್ನೇ. ಹಿಮಾಲಯದ ತಪ್ಪಲಲ್ಲಿ ಹಾಗೂ ಮಧ್ಯಭಾರತದ ಕಾಡುಗಳಲ್ಲಿ ಮರಿಮಾಡುವ ನವರಂಗ ಹಕ್ಕಿ ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುತ್ತದೆ. ರಾತ್ರಿಯ ಹೊತ್ತು ನೂರಾರು ಮೈಲಿ ಹಾರಿ, ದಣಿದು, ಅಕ್ಟೋಬರ್–ನವೆಂಬರ್‌ನಲ್ಲಿ ಒಮ್ಮೊಮ್ಮೆ ಮನೆಗಳ ಅಂಗಳದಲ್ಲಿಯೇ ಬಿದ್ದಿರುವುದುಂಟು. ಅದು ಇಷ್ಟು ದೂರ ಹಾರಿ ಬರುವುದು ಇಲ್ಲಿನ ಕಾಡಿನ ನೆಲಕ್ಕಾಗಿ. ತರಗೆಲೆಯನ್ನು ಕೊಕ್ಕಿನಿಂದ ಸರಿಸಿ ಹುಳು ಆರಿಸುವುದೇ ಅದರ ಚಳಿಗಾಲದ ಜೀವನ. ಎಲೆಗಳನ್ನು ಒಟ್ಟುಗೂಡಿಸಿ ಗೂಡು ಕಟ್ಟುವ ಏಕೈಕ ಹಾವಾದ ಕಾಳಿಂಗಕ್ಕೆ ಬೇಸಿಗೆಯಲ್ಲಿ ಬೇಕಾಗುವುದೂ ಚಳಿಗಾಲದಲ್ಲಿ ಉದುರಿದ ಇದೇ ಎಲೆ. ಘಟ್ಟದ ಕಾಳಿಂಗವು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿದಾಗ ಅದಕ್ಕೆ ಕನ್ನಡದ ‘ಕಾಳಿಂಗ’ ಎಂಬ ಹೆಸರನ್ನೇ ಇಟ್ಟರು. ಹೆಸರಿನ ಬಗ್ಗೆ ಹೆಮ್ಮೆ ಪಡುವ ನಾಡು ಅದರ ಗೂಡಿನ ಎಲೆಯ ಬಗ್ಗೆಯೂ ಯೋಚಿಸಬೇಡವೆ?

ಪೊಟರೆ ಮತ್ತು ಅತ್ತಿಮರ

ತರಗೆಲೆಯ ನಂತರದ ಆಸರೆ ಟೊಳ್ಳುಮರ. ಕುಟ್ರುಹಕ್ಕಿ ಒಣಕೊಂಬೆಯಲ್ಲಿ ತೂತು ಕೊರೆದು ರಾತ್ರಿಯನ್ನು ಅಲ್ಲಿಯೇ ಕಳೆಯುತ್ತದೆ. ಅದು ಬಿಟ್ಟುಹೋದ ತೂತು ಬೇರೊಂದು ಹಕ್ಕಿಗೆ ಮನೆಯಾಗುತ್ತದೆ. ಹಾರುವ ಅಳಿಲು ಹಗಲು ಮಲಗುವುದು, ಮಿಸರಿ ಜೇನು ಮೇಣ ಕಟ್ಟುವುದು, ಗೂಬೆ ಮರಿಮಾಡುವುದು ಟೊಳ್ಳಿನಲ್ಲಿಯೇ. ಚಳಿ ಇಳಿಯುವ ಮುನ್ನವೇ ಮಂಗಟ್ಟೆ ಹಕ್ಕಿಗಳು ಪೊಟರೆ ಹುಡುಕತೊಡಗುತ್ತವೆ. ಹೆಣ್ಣು ಒಳಸೇರಿ ಬಾಗಿಲು ಮುಚ್ಚಿಕೊಂಡರೆ ತಿಂಗಳುಗಟ್ಟಲೆ ಅದಕ್ಕೂ ಮರಿಗಳಿಗೂ ಗಂಡು ತರುವ ಆಹಾರವೇ ಗತಿ. ಮನುಷ್ಯನ ಕಣ್ಣಿಗೆ ‘ಸತ್ತ ಮರ’ವಾಗಿ, ಸೌದೆಯಾಗಿ ಕಾಣುವುದು ಕಾಡಿನ ಲೆಕ್ಕದಲ್ಲಿ ಅತಿ ಹೆಚ್ಚು ಬಾಡಿಗೆದಾರರಿರುವ ಮನೆ.

ಹಸಿವಿನ ಕಾಲಕ್ಕೆ ಒದಗುವುದು ಅತ್ತಿ, ಬಸರಿ, ಗೋಳಿ, ಆಲದ ಜಾತಿಯ ಮರಗಳು. ಉಳಿದ ಮರಗಳು ತಮ್ಮ ಋತುವಿನಲ್ಲಿ ಒಮ್ಮೆಲೇ ಹಣ್ಣು ಬಿಟ್ಟು ಸುಮ್ಮನಾದರೆ, ಈ ಜಾತಿಯ ಮರಗಳು ಒಂದೊಂದೂ ಒಂದೊಂದು ಸಮಯದಲ್ಲಿ ಕಾಯಿ ಬಿಡುತ್ತವೆ. ಕಾರಣವಿದೆ. ಇವುಗಳ ಪರಾಗಸ್ಪರ್ಶ ನಡೆಸುವುದು ಕೆಲವೇ ದಿನ ಬದುಕುವ ಪುಟ್ಟ ಕಣಜ. ಒಂದು ಮರದಿಂದ ಹೊರಟ ಕಣಜಕ್ಕೆ ಆಗಲೇ ಕಾಯಿ ಬಿಡುತ್ತಿರುವ ಇನ್ನೊಂದು ಮರ ಸಿಗಬೇಕು. ಇಲ್ಲವಾದರೆ ಕಣಜವೂ ಇಲ್ಲ, ಮರದ ಸಂತತಿಯೂ ಇಲ್ಲ. ಈ ಏರ್ಪಾಡಿನಿಂದ ಬರಗಾಲದ ತಿಂಗಳಲ್ಲಿಯೂ ಕಾಡಿನ ಯಾವುದೋ ಮೂಲೆಯಲ್ಲಿ ಒಂದು ಅನ್ನಛತ್ರ ತೆರೆದಿರುತ್ತದೆ. ಮಂಗಟ್ಟೆ, ಹಸಿರು ಪಾರಿವಾಳ, ಕೆಂಚಳಿಲು, ಸಿಂಗಳೀಕ ಎಲ್ಲಕ್ಕೂ ಅದರಲ್ಲಿ ಪಾಲು. ಮೋಪಿಗೆ ಬಾರದು ಎಂಬ ಕಾರಣಕ್ಕೆ ಇಂಥ ಮರವನ್ನು ಕಡಿದವರು ಒಂದು ಮರವನ್ನು ಮಾತ್ರ ಕಡಿದಂತಲ್ಲ.

ಒಂದೇ ಕಾಲ, ಎರಡು ಅಗತ್ಯ

ಸಮಸ್ಯೆ ಹುಟ್ಟುವುದು ಇಲ್ಲಿ. ಕಾಡಿಗೆ ಹೊದಿಕೆ ಬೇಕಾದ ತಿಂಗಳುಗಳಲ್ಲಿಯೇ ಕೃಷಿಕನಿಗೂ ಅದು ಬೇಕು. ಮತ್ತಿ, ಹೊನ್ನೆ, ನಂದಿಯ ಎಲೆ ಉದುರಿದ ಕೂಡಲೇ ದರಕು ಗುಡಿಸುವ ಕೆಲಸ ಆರಂಭವಾಗುತ್ತದೆ. ಕೊಟ್ಟಿಗೆಗೆ ಹಾಸಿ, ಸಗಣಿಯೊಡನೆ ಕೊಳೆಸಿ, ಗೊಬ್ಬರವಾಗಿ ಅಡಿಕೆಯ ಬುಡ ಸೇರುವ ಈ ದರಕು ಮಲೆನಾಡಿನ ತೋಟಗಾರಿಕೆಯ ಅಡಿಪಾಯ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಈ ಅಗತ್ಯವನ್ನು ಮನಗಂಡೇ. ಹಿರಿಯರು ಕಟ್ಟಿದ ಈ ವ್ಯವಸ್ಥೆಯನ್ನು ಕಾಡಿನ ಶತ್ರುವೆಂದು ಬಗೆಯುವುದು ಅನ್ಯಾಯ. ಸೊಪ್ಪು ಬೇಕೆಂಬ ಕಾರಣಕ್ಕೇ ಎಷ್ಟೋ ಬೆಟ್ಟಗಳು ಇಂದಿಗೂ ಬೆಟ್ಟವಾಗಿ ಉಳಿದಿವೆ.

ಆದರೆ ಲೆಕ್ಕ ಬದಲಾಗಿದೆ. ತೋಟದ ವಿಸ್ತೀರ್ಣ ಬೆಳೆದಿದೆ, ಬೆಟ್ಟ ಬೆಳೆದಿಲ್ಲ. ಹಲವೆಡೆ ಬೆಟ್ಟದಲ್ಲಿ ಈಗ ನಿಂತಿರುವುದು ಅಕೇಶಿಯಾ. ಅದರ ಎಲೆ ಕೊಳೆಯುವುದು ನಿಧಾನ, ಅದರಲ್ಲಿ ಕಾಡುಪ್ರಾಣಿ ತಿನ್ನುವ ಹಣ್ಣಿಲ್ಲ. ಉಳಿದ ಬೆಟ್ಟದ ಮೇಲೆ ಹೊರೆ ಹೆಚ್ಚಿದೆ. ಮಣ್ಣು ಕಾಣುವವರೆಗೆ ಗುಡಿಸುವುದು, ಗುಡಿಸಿದಲ್ಲಿಯೇ ಮತ್ತೆ ಮರುವರ್ಷ ಗುಡಿಸುವುದು ರೂಢಿಯಾಗಿದೆ. ಗುಡಿಸಲಾಗದ ಬೇಣಕ್ಕೆ ಫೆಬ್ರವರಿ–ಮಾರ್ಚ್‌ನಲ್ಲಿ ಬೆಂಕಿ ಬೀಳುತ್ತದೆ. ಹೊಸ ಹುಲ್ಲು ಚಿಗುರಲಿ ಎಂದು ಹಚ್ಚಿದ ಬೆಂಕಿ ಹುಲ್ಲಿನಲ್ಲಿಯೇ ನಿಲ್ಲುವುದಿಲ್ಲ. ಕಾನಿನ ಅಂಚಿಗೆ ನುಗ್ಗಿ, ಚಳಿಗಾಲವನ್ನು ಹೇಗೋ ದಾಟಿದ ಜೀವಿಗಳನ್ನು ಬೇಸಿಗೆಯ ಬಾಗಿಲಲ್ಲಿ ಸುಡುತ್ತದೆ.

ಪರಿಣಾಮ ಕಾಡಿನಲ್ಲಿಯೇ ಉಳಿಯುವುದೂ ಇಲ್ಲ. ಹೊದಿಕೆ ಕಳೆದುಕೊಂಡ ಬೆಟ್ಟದ ಮಣ್ಣು ಬೇಗ ಒಣಗುತ್ತದೆ, ಎರೆಹುಳು ಆಳಕ್ಕಿಳಿಯುತ್ತದೆ. ಆಗ ಸುತ್ತಮುತ್ತ ಹಸಿಯಾಗಿರುವ ನೆಲವೆಂದರೆ ನೀರುಣಿಸಿದ ತೋಟ. ಕಾಡುಹಂದಿ ಅಲ್ಲಿಗೆ ಬಂದು ನೆಲ ಅಗೆಯುವುದರಲ್ಲಿ ಆಶ್ಚರ್ಯವೇನಿದೆ? ಹಣ್ಣಿನ ಮರವಿಲ್ಲದ ಕಾಡಿನಿಂದ ಮಂಗ ಬಾಳೆಗೊನೆಗೆ ಬರುವುದೂ ಹೀಗೆಯೇ. ಮೊದಲ ಮಳೆಗೆ ಬೆತ್ತಲೆ ಮಣ್ಣು ಕೊಚ್ಚಿಹೋಗಿ ಹಳ್ಳದ ಗುಂಡಿಗಳನ್ನು ತುಂಬುತ್ತದೆ. ಕಾಡುಪ್ರಾಣಿಗಳ ಕಾಟ ಎಂದು ದೂರುವಾಗ ಅದರ ಒಂದು ಬೇರು ಪೊರಕೆಯ ತುದಿಯಲ್ಲಿಯೂ ಇದೆಯೆಂಬುದನ್ನು ಮರೆಯುವಂತಿಲ್ಲ.

ಉಣುಗಿನ ಭಯ

ತರಗೆಲೆ ಬಿಟ್ಟರೆ ಉಣುಗು ಹೆಚ್ಚಾಗದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಹಲವು ಮನೆಗಳಿಗೆ ಸಾವು ತಂದಿದೆ. ಅದರ ಕಾಲವೂ ಡಿಸೆಂಬರ್‌ನಿಂದ ಮೇವರೆಗಿನ ಒಣಕಾಲವೇ. ಎಳೆಯ ಉಣುಗುಗಳು ಇರುವುದು ತರಗೆಲೆಯಲ್ಲಿಯೇ. ಆದರೆ ಅಪಾಯಕ್ಕೆ ಮೊದಲು ಒಡ್ಡಿಕೊಳ್ಳುವವರು ಯಾರು? ದರಕಿಗೂ ಕಟ್ಟಿಗೆಗೂ ಕಾಡಿಗೆ ಹೋಗುವವರು, ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಕೂಲಿಕಾರರು. ದರಕಿನ ಹೊರೆಯೊಂದಿಗೆ ಉಣುಗೂ ಕೊಟ್ಟಿಗೆಗೆ ಬರುತ್ತದೆ. ಮನೆಯ ಸುತ್ತ, ಕಾಲುದಾರಿಯಲ್ಲಿ, ಕೊಟ್ಟಿಗೆಯ ಬಳಿ ನೆಲ ಚೊಕ್ಕಟವಾಗಿರಲಿ. ಮಂಗ ಸತ್ತ ಕಾಡಿನ ತರಗೆಲೆಯನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಲಿ. ಹೋಗಲೇಬೇಕಾದವರು ಮೈತುಂಬ ಬಟ್ಟೆ ತೊಟ್ಟು, ಡೆಪಾ ತೈಲ ಹಚ್ಚಿಕೊಂಡು ಹೋಗಲಿ. ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಲಿ. ದೂರದ ಬೆಟ್ಟದಲ್ಲಿ ಗುಡಿಸುವುದನ್ನು ಕಡಿಮೆ ಮಾಡುವುದಕ್ಕೂ ಕಾಯಿಲೆಯಿಂದ ದೂರವಿರುವುದಕ್ಕೂ ವಿರೋಧವಿಲ್ಲ.

ಊರು ಮಾಡಬಹುದಾದದ್ದು

ದರಕು ಗುಡಿಸಬಾರದು ಎಂಬ ಕಟ್ಟಳೆ ಬೇಕಿಲ್ಲ. ಪೂರ್ತಿ ಗುಡಿಸಬಾರದು ಎಂಬ ಒಪ್ಪಂದ ಸಾಕು. ಬೆಟ್ಟವನ್ನು ಮೂರು ಪಾಲು ಮಾಡಿ ಪ್ರತಿ ವರ್ಷ ಒಂದು ಪಾಲನ್ನು ಸರದಿಯಂತೆ ಮುಟ್ಟದೆ ಬಿಡಬಹುದು. ಗುಡಿಸುವ ಪಾಲಿನಲ್ಲಿ ಮೇಲಿನ ಒಣಎಲೆಯನ್ನು ಮಾತ್ರ ತೆಗೆದು, ಕೆಳಗಿನ ಕೊಳೆತ ಪದರವನ್ನು ನೆಲಕ್ಕೇ ಉಳಿಸಬಹುದು. ಹಳ್ಳದ ಎರಡೂ ದಡಗಳಲ್ಲಿ ಹತ್ತು ಮಾರು ಜಾಗವನ್ನು ವರ್ಷವಿಡೀ ಹಾಗೆಯೇ ಬಿಡಬಹುದು. ಪೊಟರೆಯುಳ್ಳ ಒಣಮರ ದಾರಿಗೂ ಮನೆಗೂ ಅಪಾಯಕಾರಿಯಲ್ಲದಿದ್ದರೆ ನಿಂತಿರಲಿ. ಸಂಕ್ರಾಂತಿಯೊಳಗೆ ಊರವರೆಲ್ಲ ಸೇರಿ ಬೆಂಕಿರೇಖೆ ಬಿಡಿಸಿದರೆ ಮುಂದಿನ ಮೂರು ತಿಂಗಳು ನೆಮ್ಮದಿ.

ಗೊಬ್ಬರದ ಕೊರತೆಗೂ ದಾರಿಯಿದೆ. ಅಡಿಕೆಯ ಸೋಗೆ, ಹಾಳೆ, ಸಿಪ್ಪೆಗಳು ಅನೇಕ ತೋಟಗಳಲ್ಲಿ ಇಂದಿಗೂ ಕಸವಾಗಿ ಸುಡಲ್ಪಡುತ್ತಿವೆ. ಇವನ್ನು ಎರೆಗೊಬ್ಬರವಾಗಿಸುವ ವಿಧಾನವನ್ನು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿಕೊಟ್ಟಿದೆ. ಬೇಲಿಯ ಸಾಲಿನಲ್ಲಿ ಗ್ಲಿರಿಸಿಡಿಯಾ ನೆಟ್ಟರೆ ಹಸಿಸೊಪ್ಪು ತೋಟದ ಅಂಚಿನಲ್ಲಿಯೇ ಸಿಗುತ್ತದೆ. ತೋಟದ ತ್ಯಾಜ್ಯ ತೋಟಕ್ಕೇ ಮರಳಿದಷ್ಟೂ ಬೆಟ್ಟದ ಹೊರೆ ಇಳಿಯುತ್ತದೆ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಗುಡಿಸಿದ ಜಾಗದಲ್ಲೊಂದು, ಗುಡಿಸದ ಜಾಗದಲ್ಲೊಂದು ಉಷ್ಣಮಾಪಕವಿಟ್ಟು ಬೆಳಗ್ಗೆ ಆರಕ್ಕೂ ಮಧ್ಯಾಹ್ನ ಎರಡಕ್ಕೂ ಅಂಕಿ ಬರೆದಿಡಲಿ. ಊರಿನ ಅತ್ತಿ, ಗೋಳಿ, ಬಸರಿ ಮರಗಳನ್ನೆಲ್ಲ ಎಣಿಸಿ, ಯಾವುದು ಯಾವ ತಿಂಗಳು ಕಾಯಿ ಬಿಟ್ಟಿತೆಂದು ಗುರುತಿಸಲಿ. ನವರಂಗ ಬಂದ ದಿನವನ್ನೂ ಹೋದ ದಿನವನ್ನೂ ದಾಖಲಿಸಲಿ. ಶಿವರಾತ್ರಿಯ ಹೊತ್ತಿಗೆ ಆ ಪುಸ್ತಕವನ್ನು ಊರಿನ ಸಭೆಯಲ್ಲಿ ಓದಲಿ. ಮುಂದಿನ ವರ್ಷ ಬೆಟ್ಟದ ಯಾವ ಪಾಲನ್ನು ಬಿಡಬೇಕೆಂಬ ತೀರ್ಮಾನ ಆ ಸಭೆಯಲ್ಲಿಯೇ ಆಗಲಿ.