ತೂತು ಬಿದ್ದ ಗೂಡಿಗೂ ಕೆಲಸವುಂಟು

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ರೀಲರು ರಾಶಿಗೆ ಕೈ ಹಾಕಿ ಅಂದಾಜು ಮಾಡುವುದು ಮುಖ್ಯವಾಗಿ ಒಂದನ್ನು: ಎಳೆ ತುಂಡಾಗದೆ ಬಿಚ್ಚಿಕೊಂಡು ಬಂದೀತೆ? ಒಳ್ಳೆಯ ಗೂಡಿನಲ್ಲಿ ಸುಮಾರು 700ರಿಂದ 1000 ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಇಂಥವನ್ನು ಕಂಡರೆ ಆತ ಮೂಗು ಮುರಿಯುತ್ತಾನೆ.

ಇದೇ ಗೂಡನ್ನು ಸಂತೋಷದಿಂದ ತೆಗೆದುಕೊಳ್ಳುವ ಇನ್ನೊಂದು ವರ್ಗವಿದೆ. ಅಂಗಾಂಶ ಎಂಜಿನಿಯರಿಂಗ್ ವಿಜ್ಞಾನಿಗಳಿಗೆ ಎಳೆಯ ಉದ್ದ ಮುಖ್ಯವಲ್ಲ. ಹೇಗಿದ್ದರೂ ಅವರು ಅದನ್ನು ಕರಗಿಸಿಬಿಡುತ್ತಾರೆ. ಆ ದ್ರಾವಣದಿಂದ ಇನ್ನೂ ಸಪೂರವಾದ ಎಳೆ ತೆಗೆದು, ಅದರ ಮೇಲೆ ಜೀವಕೋಶಗಳನ್ನು ಬೆಳೆಸುತ್ತಾರೆ.

ಏತಕ್ಕೆ? ಸುಟ್ಟಗಾಯ ಆಳವಾದಾಗ ಚರ್ಮದ ತಳವೇ ನಾಶವಾಗುತ್ತದೆ. ರೋಗಿಯ ತೊಡೆಯಿಂದ ಚರ್ಮ ತೆಗೆದು ಹಚ್ಚಬಹುದು. ಆದರೆ ಮೈಯ ಅರ್ಧಭಾಗವೇ ಸುಟ್ಟಿದ್ದರೆ ತೆಗೆಯುವುದೆಲ್ಲಿಂದ? 1981ರಲ್ಲಿ ಅಮೆರಿಕದ ಬರ್ಕ್ ಮತ್ತು ಯಾನಸ್ ಇದಕ್ಕೊಂದು ದಾರಿ ತೋರಿಸಿದರು. ದನದ ಕೊಲಾಜೆನ್ ಹಾಗೂ ಶಾರ್ಕ್ ಮೀನಿನ ಮೃದ್ವಸ್ಥಿಯ ಒಂದು ಅಂಶ ಸೇರಿಸಿ ಸ್ಪಂಜಿನಂಥ ಪದರ ಮಾಡಿ ಗಾಯದ ಮೇಲೆ ಹೊದಿಸಿದರು. ರೋಗಿಯದೇ ಜೀವಕೋಶಗಳು ಅದರೊಳಕ್ಕೆ ಬೆಳೆದವು. ಪದರ ಮೆಲ್ಲಗೆ ಕರಗಿತು.

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬಳ್ಳಿ ಹಬ್ಬಲು ಚಪ್ಪರ ಬೇಕು. ಜೀವಕೋಶಕ್ಕೂ ಹಾಗೆಯೇ. ವ್ಯತ್ಯಾಸವೆಂದರೆ, ಈ ಚಪ್ಪರ ಬಳ್ಳಿ ಬಲಿತಂತೆ ತಾನೇ ಮಾಯವಾಗಬೇಕು.

ಚಪ್ಪರದ ತಂತಿ ಎಷ್ಟು ಸಪೂರವಿರಬೇಕು? ದೇಹದಲ್ಲಿ ಜೀವಕೋಶಗಳ ಸುತ್ತ ಇರುವ ಕೊಲಾಜೆನ್ ಎಳೆಗಳ ದಪ್ಪ ಸುಮಾರು 50ರಿಂದ 500 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೊಮೀಟರ್. ಹುಳು ನೂಲುವ ಎಳೆ ಸುಮಾರು 10,000 ನ್ಯಾನೊಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಜೀವಕೋಶದಷ್ಟೇ ದಪ್ಪ! ದ್ರಾಕ್ಷಿ ಬಳ್ಳಿಗೆ ತಂತಿಯ ಬದಲು ಮರದ ದಿಮ್ಮಿ ಕೊಟ್ಟಂತೆ.

ಆದ್ದರಿಂದಲೇ ಗೂಡನ್ನು ಕರಗಿಸಬೇಕು. ರೇಷ್ಮೆಯಲ್ಲಿ ಎರಡು ಪ್ರೋಟೀನುಗಳಿವೆ: ಒಳಗಿನ ಎಳೆ ಫೈಬ್ರೊಯಿನ್, ಅದನ್ನು ಸುತ್ತಿದ ಅಂಟು ಸೆರಿಸಿನ್. ಎರಡೂ ಕೂಡಿ ದೇಹ ಸೇರಿದರೆ ಉರಿಯೂತ ಬರಬಹುದು. ಹಾಗಾಗಿ ಮೊದಲು ಸೋಡಾ ನೀರಿನಲ್ಲಿ ಕುದಿಸಿ ಅಂಟು ತೆಗೆಯುತ್ತಾರೆ. ರೇಷ್ಮೆಗೆ ಬಣ್ಣ ಹಾಕುವವರಿಗೆ ಇದೇನೂ ಹೊಸದಲ್ಲ. ಉಳಿದ ಫೈಬ್ರೊಯಿನ್ನನ್ನು ಲಿಥಿಯಂ ಬ್ರೋಮೈಡಿನ ಗಟ್ಟಿ ದ್ರಾವಣದಲ್ಲಿ ಕರಗಿಸಿ, ಆ ಲವಣವನ್ನು ಮತ್ತೆ ನೀರಿನಲ್ಲಿ ಬೇರ್ಪಡಿಸುತ್ತಾರೆ.

ಅನಂತರದ್ದು ವಿದ್ಯುತ್ತಿನ ಆಟ. ದ್ರಾವಣವನ್ನು ಸಿರಿಂಜಿಗೆ ತುಂಬಿ, ಸೂಜಿಗೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಕೊಡುತ್ತಾರೆ. ಸೂಜಿಯ ತುದಿಯ ಹನಿ ಶಂಕುವಿನಂತೆ ಚೂಪಾಗಿ, ಅದರಿಂದ ಚಿಮ್ಮಿದ ಎಳೆ ಚಾಟಿಯಂತೆ ಬಳುಕುತ್ತಾ ಸಪೂರವಾಗಿ, ಹಾರುವಾಗಲೇ ಒಣಗಿ ಎದುರಿನ ಲೋಹದ ತಗಡಿನ ಮೇಲೆ ಕೂರುತ್ತದೆ. ನೋಡಲು ತೆಳುವಾದ ಬಿಳಿ ಕಾಗದ. ಸೂಕ್ಷ್ಮದರ್ಶಕದಲ್ಲಿ ಜೇಡರ ಬಲೆ. ಈ ವಿಧಾನ ತೀರಾ ಹೊಸದೂ ಅಲ್ಲ. ಆಂಟನ್ ಫಾರ್ಮ್‌ಹಾಲ್ಸ್ ಎಂಬಾತ 1934ರಲ್ಲೇ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದ. ಕೊನೆಗೆ ಹಾಳೆಯನ್ನು ಆಲ್ಕೊಹಾಲಿನಲ್ಲಿ ನೆನೆಸಬೇಕು. ಇಲ್ಲದಿದ್ದರೆ ನೀರು ತಾಕಿದೊಡನೆ ಮತ್ತೆ ಕರಗಿಹೋಗುತ್ತದೆ.

ತೊಡಕುಗಳೂ ಇವೆ. ಎಳೆಗಳು ಒತ್ತೊತ್ತಾಗಿ ಕೂತರೆ ಜೀವಕೋಶಗಳು ಒಳಗೆ ನುಗ್ಗಲಾರದೆ ಮೇಲೆಯೇ ಉಳಿಯುತ್ತವೆ. ನೂಲುವಾಗ ಉಪ್ಪಿನ ಹರಳು ಬೆರೆಸಿ ಆಮೇಲೆ ತೊಳೆದು ಸಂದು ಮಾಡುವುದು ಒಂದು ಉಪಾಯ. ರಕ್ತನಾಳಗಳಿಲ್ಲದ ದಪ್ಪ ಅಂಗಾಂಶಕ್ಕೆ ಆಮ್ಲಜನಕ ತಲುಪಿಸುವುದು ಇನ್ನೂ ಕಷ್ಟ. ಹೀಗಾಗಿ ಚರ್ಮದ ಕೆಲಸ ಮುಂದೆ ಸಾಗಿದಷ್ಟು ಯಕೃತ್ತಿನ ಕೆಲಸ ಸಾಗಿಲ್ಲ. ಬೆಂಗಳೂರಿನ ಫೈಬ್ರೋಹೀಲ್ ಕಂಪನಿ ರೇಷ್ಮೆ ಪ್ರೋಟೀನಿನಿಂದ ಗಾಯಕ್ಕೆ ಹಚ್ಚುವ ಪಟ್ಟಿಗಳನ್ನು ಮಾಡುತ್ತದೆ. ಅದು ಗಾಯದ ಆರೈಕೆ. ಹೊಸ ಅಂಗ ಬೆಳೆಸುವುದು ಬೇರೆಯೇ ಮಾತು.

ಇದರಿಂದ ಹಿಪ್ಪುನೇರಳೆ ಬೆಳೆಗಾರರ ಬದುಕೇ ಬದಲಾದೀತೆಂದು ಹೇಳುವುದು ಮಾತ್ರ ಅತಿಶಯ. ಪ್ರಯೋಗಾಲಯಕ್ಕೆ ಬೇಕಾಗುವುದು ಗ್ರಾಂ ಲೆಕ್ಕದ ರೇಷ್ಮೆ. ಖರ್ಚೆಲ್ಲ ಶುದ್ಧೀಕರಣಕ್ಕೆ, ಪರೀಕ್ಷೆಗೆ. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಲೇಔಟುಗಳಾದ ದೇವನಹಳ್ಳಿಯ ತೋಟಗಳನ್ನು ಇದು ಮರಳಿ ತರಲಾರದು. ಪಿಯುಸಿ ವಿಜ್ಞಾನವೆಂದರೆ ಡಾಕ್ಟರು, ಇಲ್ಲವೇ ಎಂಜಿನಿಯರು ಎನ್ನುವ ತಂದೆತಾಯಂದಿರಿಗೆ ಮಾತ್ರ ಇದು ತಿಳಿದಿರಲಿ: ಭೌತ, ರಸಾಯನ, ಜೀವಶಾಸ್ತ್ರ ಮೂರನ್ನೂ ಬಲ್ಲವರಿಗೆ ಇಲ್ಲಿ ಕೈತುಂಬ ಕೆಲಸವಿದೆ.

ಮೊದಲ ಹೆಜ್ಜೆಯನ್ನು ಶಾಲೆಯಲ್ಲೇ ಇಟ್ಟು ನೋಡಬಹುದು. ತೂತು ಬಿದ್ದ ಗೂಡುಗಳನ್ನು ಕತ್ತರಿಸಿ, ಒಳಗಿನ ಕಸ ತೆಗೆದು ತೂಗಬೇಕು. ಲೀಟರ್ ನೀರಿಗೆ 2 ಗ್ರಾಂ ಸೋಡಿಯಂ ಕಾರ್ಬೊನೇಟ್ ಹಾಕಿ, ಮೇಷ್ಟರ ಎದುರಿನಲ್ಲೇ, ಅರ್ಧ ಗಂಟೆ ಕುದಿಸಬೇಕು. ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ ಮತ್ತೆ ತೂಗಿದರೆ ಸುಮಾರು ಕಾಲು ಭಾಗ ಕಡಿಮೆಯಾಗಿರುತ್ತದೆ. ಹೋದದ್ದು ಅಂಟು, ಹತ್ತಿಯಂತೆ ಕೈಯಲ್ಲಿ ಉಳಿದದ್ದು ಫೈಬ್ರೊಯಿನ್.