ಎಂಜಿನ್ನಿನ ಉಸಿರು

ಮೋಟಾರ್‌ಸೈಕಲ್ಲಿನ ಸಿಲಿಂಡರ್ ಹೆಡ್ಡನ್ನು ಬಿಚ್ಚಿಸಿ, ಅದರೊಳಗಿನ ಗಾಳಿಯ ದಾರಿಯನ್ನು, ಎಂದರೆ ಪೋರ್ಟನ್ನು, ಉಜ್ಜಿ ಹಿಗ್ಗಿಸಿಕೊಳ್ಳುವ ಹಂಬಲ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಿಗುಂಟು. ದಾರಿ ದೊಡ್ಡದಾದರೆ ಗಾಳಿ ಹೆಚ್ಚು, ಗಾಳಿ ಹೆಚ್ಚಿದರೆ ಶಕ್ತಿ ಹೆಚ್ಚು ಎಂಬುದು ಅವರ ತರ್ಕ. ಇದರ ಉತ್ತರಾರ್ಧ ಸರಿ. ಪೂರ್ವಾರ್ಧವನ್ನು ನಾವು ಒಪ್ಪಲಾರೆವು.

ಲೆಕ್ಕ ಹಾಕಿ ನೋಡೋಣ. 100 ಘನ ಸೆಂಟಿಮೀಟರಿನ, ನಾಲ್ಕು ಹೊಡೆತದ ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ ಉಸಿರೆಳೆಯುತ್ತದೆ. ಒಂದೊಂದು ಎಳೆತಕ್ಕೂ ದೊರೆಯುವ ಕಾಲ ಸೆಕೆಂಡಿನ 200ರಲ್ಲಿ ಒಂದು ಭಾಗ. ಸಿಲಿಂಡರು ಪೂರ್ತಿ ತುಂಬುವುದೆಂದು ಭಾವಿಸಿದರೆ, 22 ಮಿಲಿಮೀಟರು ವ್ಯಾಸದ ಪೋರ್ಟಿನಲ್ಲಿ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ ಸುಮಾರು 53 ಮೀಟರು. ವ್ಯಾಸವನ್ನು 26ಕ್ಕೆ ಹಿಗ್ಗಿಸಿದರೆ ವೇಗ 38ಕ್ಕೆ ಇಳಿಯುತ್ತದೆ. ಪ್ರತಿ ಗ್ರಾಂ ಗಾಳಿಯ ಚಲನಶಕ್ತಿ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಇದರಿಂದ ನಷ್ಟವೇನು? ಪಿಸ್ಟನ್ನು ತಳಮುಟ್ಟಿ ಮೇಲಕ್ಕೆ ಹೊರಟ ಬಳಿಕವೂ ಒಳವಾಲ್ವು ತುಸು ಹೊತ್ತು ತೆರೆದೇ ಇರುತ್ತದೆ. ರಭಸದಿಂದ ಬಂದ ಗಾಳಿ ಆಗಲೂ ಒಳನುಗ್ಗುವುದು. ನಿಧಾನವಾಗಿ ಬಂದುದು ಹಿಂದಕ್ಕೆ ತಳ್ಳಲ್ಪಡುವುದು. ಸುತ್ತು ಕಡಿಮೆಯಾದಷ್ಟೂ ಈ ಕೇಡು ಹೆಚ್ಚು.

ಪಂದ್ಯದಲ್ಲಿ ಸದಾ ಮೇಲಿನ ಸುತ್ತಿನಲ್ಲೇ ಓಡುವ ಗಾಡಿಗೆ ದೊಡ್ಡ ಪೋರ್ಟು ಒಪ್ಪೀತು. ತುರುವೇಕೆರೆಯ ತೋಟದಿಂದ ಕಾಯಿಮೂಟೆ ಹೊತ್ತು ಹೊರಡುವ, ಚಿಕ್ಕನಾಯಕನಹಳ್ಳಿಯ ಗುಡ್ಡದ ಏರನ್ನು ಹತ್ತುವ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಸಂದಣಿಯಲ್ಲಿ ತೆವಳುವ ಗಾಡಿಗೆ ಬೇಕಾದುದು ಕೆಳಗಿನ ಸುತ್ತಿನ ಎಳೆತ. ಮನೆಯವರು ದುಡಿಸುವ ಆ ಗಾಡಿಯನ್ನು ಪಂದ್ಯದ ಗಾಡಿಯಾಗಿಸುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳ ಮಾತು ಬೇರೆ. ಎರಡು ಹೊಡೆತದ ಆ ಎಂಜಿನ್ನುಗಳಲ್ಲಿ ಪೋರ್ಟುಗಳಿರುವುದು ಹೆಡ್ಡಿನಲ್ಲಲ್ಲ, ಸಿಲಿಂಡರಿನ ಗೋಡೆಯಲ್ಲಿ. ಹೊಗೆಯ ಪೋರ್ಟಿನ ಮೇಲಂಚನ್ನು ಒಂದೆರಡು ಮಿಲಿಮೀಟರು ಏರಿಸಿದರೂ ಅದು ತೆರೆಯುವ ಕಾಲವೇ ಬದಲಾಗುತ್ತದೆ. ಅಲ್ಲಿಯೂ ಮೇಲಿನ ಸುತ್ತಿಗೆ ಲಾಭ, ಕೆಳಗಿನದಕ್ಕೆ ನಷ್ಟ.

ಹಾಗಾದರೆ ಈ ವಿದ್ಯೆಯೇ ವ್ಯರ್ಥವೆ? ಅಲ್ಲ. ವಾಲ್ವಿನ ಬಳಿ ದಾರಿ ಬಾಗುವಲ್ಲಿ ಗಾಳಿಯು ಒಳಬಾಗಿನ ಗೋಡೆಯನ್ನು ಬಿಟ್ಟು ಸುಳಿಗಟ್ಟುತ್ತದೆ. ಆ ಅಂಚನ್ನು ಹದವಾಗಿ ದುಂಡಗೆ ಮಾಡಿದರೆ, ವ್ಯಾಸ ಬೆಳೆಸದೆಯೂ ಹರಿವು ಹೆಚ್ಚೀತು. (ಕನ್ನಡಿಯಂತಹ ಹೊಳಪು ಬಹುಮಟ್ಟಿಗೆ ಕಣ್ಣಿನ ಸಂತೋಷಕ್ಕೆ.) ಆದರೆ ಹೆಚ್ಚಿತೇ ಎಂಬುದನ್ನು ಅಳೆದೇ ತಿಳಿಯಬೇಕು. ಪರಿಣತರು ಸಾಮಾನ್ಯವಾಗಿ 28 ಅಂಗುಲ ನೀರಿನಷ್ಟು ಒತ್ತಡದ ವ್ಯತ್ಯಾಸದಲ್ಲಿ ಅಳೆಯುತ್ತಾರೆ. ಕಾಲೇಜಿಗೆ 10 ಅಂಗುಲ ಸಾಕು. ಉಜ್ಜುವ ಮುನ್ನ, ಉಜ್ಜಿದ ಬಳಿಕ ಅದು ಒಂದೇ ಆಗಿರಬೇಕು, ಅಷ್ಟೆ. ಗುಜರಿಯ ಹೆಡ್ಡೊಂದು, ಕಸ ಹೀರುವ ಯಂತ್ರವೊಂದು, ಹರಿವನ್ನು ಅಳೆಯಲು ಗೊತ್ತಾದ ರಂಧ್ರವುಳ್ಳ ತಗಡು, ನೀರು ತುಂಬಿದ ಎರಡು ಬಾಗುನಳಿಗೆಗಳು: ಇಷ್ಟಿದ್ದರೆ ನಮ್ಮ ಪ್ರಯೋಗಶಾಲೆಗಳಲ್ಲಿಯೇ ಕೆಲಸ ಆರಂಭಿಸಬಹುದು.