ಗುರುದೀಕ್ಷೆಯೊಡನೆ ಕಲಿಕೆ ಮುಗಿಯುವುದೆ?

ಗುರುದೀಕ್ಷೆಯ ದಿನವೆಂದರೆ ನಮ್ಮ ಧರ್ಮಕೇಂದ್ರಗಳಿಗೆ ಹಬ್ಬವೇ ಸರಿ. ಚಪ್ಪರ, ಬ್ಯಾಂಡು, ಹೂಮಾಲೆ, ಬಂಧುಬಳಗದ ಊಟ, ಹೊಸ ಗುರುವಿನ ಅಭ್ಯಂಜಿತ ಅಂಗೈಗೆ ಮುತ್ತಿಡಲು ನಿಂತ ಸಾಲು ಎಲ್ಲವೂ ಕಣ್ಣಿಗೆ ಕಟ್ಟುವಂಥವು. ಆದರೆ ಚಪ್ಪರ ಬಿಚ್ಚಿದ ಮೇಲೆ ಏನಾಗುತ್ತದೆಂದು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಕೆಲವೇ ವಾರಗಳಲ್ಲಿ ಆ ತರುಣ ಗುರುಗಳು ಯಾವುದೋ ಊರಿನ ಸಹಾಯಕ ಗುರುಗಳಾಗಿ ಹೊರಡುತ್ತಾರೆ. ಮೊದಲ ಭಾನುವಾರವೇ ಪ್ರಬೋಧನ ಪೀಠದ ಮುಂದೆ ನಿಲ್ಲುತ್ತಾರೆ. ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ದೀಕ್ಷೆ ಪಡೆದವರು 75ರವರೆಗೆ ಸೇವೆ ಸಲ್ಲಿಸಿದರೆ ಹೆಚ್ಚುಕಡಿಮೆ 2,400 ಭಾನುವಾರಗಳು ಅವರ ಪಾಲಿಗೆ ಬರುತ್ತವೆ. ಹಬ್ಬಗಳು, ವಿವಾಹಗಳು, ಶವಸಂಸ್ಕಾರಗಳು ಈ ಲೆಕ್ಕದ ಹೊರಗೆ.

ಪೀಠದ ಈಚೆ ಬದಿಯಿಂದಲೂ ಒಂದು ಲೆಕ್ಕ ಹಾಕೋಣ. ವಾರಕ್ಕೆ ಹನ್ನೆರಡು ನಿಮಿಷದ ಪ್ರಬೋಧನೆಯೆಂದರೆ ವರ್ಷಕ್ಕೆ ಹತ್ತು ಗಂಟೆಗಿಂತ ಸ್ವಲ್ಪ ಹೆಚ್ಚು. ಬಾಲ್ಯದ ಧರ್ಮೋಪದೇಶದ ತರಗತಿಗಳು ಮುಗಿದ ಬಳಿಕ ನಮ್ಮ ಬಹುಪಾಲು ಕುಟುಂಬಗಳ ಹಿರಿಯರಿಗೆ ದೇವರ ವಾಕ್ಯದ ವಿವರಣೆ ದೊರೆಯುವುದು ಇಷ್ಟೇ ಸಮಯದಲ್ಲಿ. ಈ ಹತ್ತು ಗಂಟೆಗಳು ಬರಡಾದರೆ ಅದನ್ನು ತುಂಬಿಕೊಡುವ ಬೇರೆ ವೇಳೆ ವಾರದಲ್ಲಿ ಇಲ್ಲ.

ಹಾಗಾದರೆ ಈ ಕೆಲಸಕ್ಕೆ ನಾವು ನಮ್ಮ ಕಿರಿಯ ಗುರುಗಳನ್ನು ಎಷ್ಟರಮಟ್ಟಿಗೆ ಸಿದ್ಧಗೊಳಿಸುತ್ತಿದ್ದೇವೆ? 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಗುರುಮಠದಲ್ಲಿ ತತ್ವಶಾಸ್ತ್ರಕ್ಕೂ ದೈವಶಾಸ್ತ್ರಕ್ಕೂ ಸೇರಿ ಕನಿಷ್ಠ ಆರು ವರ್ಷಗಳ ಅಧ್ಯಯನ ನಡೆಯಬೇಕು. ಅದು ಚೆನ್ನಾಗಿಯೇ ನಡೆಯುತ್ತದೆ. ಪ್ರಬೋಧನ ಕಲೆಗೂ ಪಾಠಪಟ್ಟಿಯಲ್ಲಿ ಸ್ಥಾನವಿದೆ. ಆದರೆ ಅಲ್ಲಿ ವಿದ್ಯಾರ್ಥಿ ಮಾತನಾಡುವುದು ಸಹಪಾಠಿಗಳ ಮುಂದೆ, ತನ್ನಂತೆಯೇ ಓದಿದವರ ಮುಂದೆ. ಬೀಡಿ ಕಟ್ಟಿ ಬದುಕುವ ತಾಯಿ, ಕಾಫಿ ತೋಟದ ಕೂಲಿಕಾರ, ಗಲ್ಫ್‌ನಿಂದ ರಜೆಗೆ ಬಂದ ಮಗ, ಕಾಲೇಜಿನಲ್ಲಿ ವಿಜ್ಞಾನ ಓದುವ ಮಗಳು, ಇವರೆಲ್ಲ ಒಂದೇ ಬೆಂಚಿನಲ್ಲಿ ಕುಳಿತಿರುವಾಗ ಮಾತನಾಡುವುದು ಹೇಗೆಂಬುದನ್ನು ಗುರುಮಠ ಕಲಿಸಲಾರದು. ಅದು ಗುರುಮಠದ ದೋಷವಲ್ಲ. ಈಜನ್ನು ದಡದ ಮೇಲೆ ಕಲಿಸಲಾಗುವುದಿಲ್ಲ. ನೀರಿಗಿಳಿದ ಮೇಲೆ ಜೊತೆಗೊಬ್ಬರು ಇರಬೇಕೆಂಬುದೇ ನಮ್ಮ ವಾದ.

ಭಾಷೆಯ ತೊಡಕನ್ನೂ ಇಲ್ಲಿ ಹೇಳಲೇಬೇಕು. ನಮ್ಮ ನಾಡಿನ ಗುರುಗಳಲ್ಲಿ ಅನೇಕರ ಮನೆಮಾತು ಕೊಂಕಣಿ, ತುಳು, ತಮಿಳು ಅಥವಾ ಮಲೆಯಾಳ. ದೈವಶಾಸ್ತ್ರವನ್ನು ಓದಿದ್ದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಬೋಧಿಸಬೇಕಾದದ್ದು ಕನ್ನಡದಲ್ಲಿ. ಹೀಗಾಗಿ ಪೀಠದಿಂದ ಕೆಲವೊಮ್ಮೆ ಕೇಳಿಬರುವುದು ಕನ್ನಡದ ಅಂಗಿ ತೊಟ್ಟ ಇಂಗ್ಲಿಷ್. ‘ಪಾಸ್ಕ ರಹಸ್ಯದ ಅಸ್ತಿತ್ವಾತ್ಮಕ ಆಯಾಮ’ ಎಂದರೆ ಹಿಂದಿನ ಸಾಲಿನ ಅಜ್ಜಿಗೆ ಏನು ತಿಳಿದೀತು? ಸತ್ತು ಬದುಕಿದ ಕ್ರಿಸ್ತರು ನಮ್ಮ ಸಾವುನೋವಿನಲ್ಲೂ ಜೊತೆಗಿದ್ದಾರೆ ಎಂದರೆ ಆಕೆಗೆ ತಿಳಿಯುತ್ತದೆ. ಎರಡರ ಅರ್ಥ ಒಂದೇ. ಮೊದಲನೆಯದರಿಂದ ಎರಡನೆಯದಕ್ಕೆ ಬರಲು ವರ್ಷಗಳ ಅಭ್ಯಾಸ ಬೇಕು.

ಈ ವಿಷಯದಲ್ಲಿ ಧರ್ಮಸಭೆ ಮೌನವಾಗಿದೆಯೆಂದು ಯಾರೂ ಭಾವಿಸಬಾರದು. ಭಾನುವಾರಗಳಲ್ಲೂ ಮಹೋತ್ಸವಗಳಲ್ಲೂ ವಿಚಾರಣೆ ಗುರುಗಳು ಬೋಧಿಸಲೇಬೇಕೆಂದು ಟ್ರೆಂಟ್ ಮಹಾಸಭೆ 1546ರಲ್ಲಿಯೇ ವಿಧಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪ್ರಬೋಧನೆಯು ದೈವಾರಾಧನೆಯ ಅಂಗವೇ ಎಂದು ಸಾರಿತು; 1965ರಲ್ಲಿ ಶುಭಸಂದೇಶವನ್ನು ಸಾರುವುದೇ ಗುರುಗಳ ಪ್ರಥಮ ಕರ್ತವ್ಯವೆಂದಿತು. ದೀಕ್ಷೆಯ ನಂತರವೂ ಗುರುಗಳು ಪವಿತ್ರ ಅಧ್ಯಯನವನ್ನು ಮುಂದುವರಿಸಬೇಕೆಂದು ಕಾನೂನು ಸಂಹಿತೆಯ 279ನೆಯ ವಿಧಿ ಆಜ್ಞಾಪಿಸುತ್ತದೆ. ವಿಶ್ವಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಹೊರಡಿಸಿದ, ಗುರುಗಳ ರೂಪಣೆಯನ್ನು ಕುರಿತ ಪ್ರೇಷಿತ ಪತ್ರದಲ್ಲಿ ಒಂದಿಡೀ ಅಧ್ಯಾಯ ನಿರಂತರ ರೂಪಣೆಗೆ ಮೀಸಲಾಗಿದೆ. ವಿಶ್ವಗುರು ಫ್ರಾನ್ಸಿಸರು 2013ರ ತಮ್ಮ ಪತ್ರದಲ್ಲಿ ಪ್ರಬೋಧನೆಗೂ ಅದರ ಸಿದ್ಧತೆಗೂ ಇಪ್ಪತ್ತಕ್ಕೂ ಹೆಚ್ಚು ಪರಿಚ್ಛೇದಗಳನ್ನು ಕೊಟ್ಟರು. ಬೋಧಿಸುವವರೂ ಕೇಳುವವರೂ ಇಬ್ಬರೂ ಪ್ರಬೋಧನೆಯಿಂದ ಸಂಕಟಪಡುತ್ತಿರುವ ಸ್ಥಿತಿಯನ್ನು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಇತರ ಮುಖ್ಯ ಕೆಲಸಗಳಿಗೆ ಸಮಯ ಕಡಿಮೆಯಾದರೂ ಚಿಂತೆಯಿಲ್ಲ, ಸಿದ್ಧತೆಗೆ ದೀರ್ಘ ಸಮಯ ಕೊಡಬೇಕೆಂದರು. 2024ರ ಜೂನ್ ತಿಂಗಳಲ್ಲಿ ಪ್ರಬೋಧನೆ ಎಂಟು ನಿಮಿಷ ಮೀರಬಾರದೆಂದೂ ಹೇಳಿದರು. ವಿಧಿಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಅವುಗಳನ್ನು ಊರಿನ ಮಟ್ಟದಲ್ಲಿ ಜಾರಿಗೆ ತರುವ ವ್ಯವಸ್ಥೆಗೆ.

ಇತಿಹಾಸವನ್ನು ನೋಡಿದರೆ ಇದು ಹೊಸ ಬೇಡಿಕೆಯೂ ಅಲ್ಲ. ಸಂತ ಅಗಸ್ಟೀನರು ಕ್ರಿ.ಶ. 391ರಲ್ಲಿ ಹಿಪ್ಪೋ ನಗರದಲ್ಲಿ ಗುರುದೀಕ್ಷೆ ಪಡೆದಾಗ ಅವರು ಮಿಲಾನಿನಲ್ಲಿ ಭಾಷಣಶಾಸ್ತ್ರದ ಅಧ್ಯಾಪಕರಾಗಿದ್ದು ಬಂದವರು. ಮಾತಿನಲ್ಲಿ ಅವರನ್ನು ಮೀರಿಸುವವರು ಆ ಸೀಮೆಯಲ್ಲಿ ಯಾರಿದ್ದರು? ಆದರೂ ಅವರು ಮೊದಲು ಮಾಡಿದ್ದು ತಮ್ಮ ಧರ್ಮಾಧ್ಯಕ್ಷ ವಲೇರಿಯಸರಿಗೆ ಒಂದು ಪತ್ರ ಬರೆದದ್ದು. ಪವಿತ್ರ ಗ್ರಂಥವನ್ನು ಓದಿಕೊಳ್ಳಲು ಪಾಸ್ಕ ಹಬ್ಬದವರೆಗೆ ಬಿಡುವು ಕೊಡಿರೆಂದು ಅದರಲ್ಲಿ ಅಂಗಲಾಚಿದರು. ವಲೇರಿಯಸರದೂ ದೊಡ್ಡ ಮನಸ್ಸು. ಧರ್ಮಾಧ್ಯಕ್ಷರ ಸಮ್ಮುಖದಲ್ಲಿ ಗುರು ಬೋಧಿಸುವ ವಾಡಿಕೆ ಆಗ ಆಫ್ರಿಕದಲ್ಲಿ ಇರಲಿಲ್ಲ. ಅದನ್ನು ಬದಿಗಿರಿಸಿ ಅವರು ಈ ಹೊಸ ಗುರುವಿಗೆ ಪೀಠ ಬಿಟ್ಟುಕೊಟ್ಟರು, ತಾವು ಕುಳಿತು ಕೇಳಿದರು. ಎರಡು ವರ್ಷಗಳ ತರುವಾಯ, 393ರಲ್ಲಿ, ಹಿಪ್ಪೋದಲ್ಲಿ ನೆರೆದ ಧರ್ಮಾಧ್ಯಕ್ಷರ ಸಭೆಯ ಮುಂದೆ ವಿಶ್ವಾಸ ಸಂಗ್ರಹವನ್ನು ವಿವರಿಸಿದವರು ಇದೇ ಗುರುಗಳು. ಮುಂದೆ ಎಪ್ಪತ್ತು ದಾಟಿದ ಮೇಲೆ ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥಕ್ಕೆ ಅವರು ನಾಲ್ಕನೆಯ ಸಂಪುಟವನ್ನು ಸೇರಿಸಿದರು. ಅದರ ವಿಷಯ ಬೋಧಿಸುವ ಕಲೆಯೇ. ತಿಳಿಸಬೇಕು, ಹಿಡಿಸಬೇಕು, ಮನಸ್ಸನ್ನು ಅಲುಗಿಸಬೇಕು ಎಂಬ ಮೂರು ಗುರಿಗಳನ್ನು ಅಲ್ಲಿ ಅವರು ವಿವರಿಸಿದರು. ಬಿಡುವು, ಅಧ್ಯಯನ, ಕೇಳುವ ಹಿರಿಯರೊಬ್ಬರು: ಅಗಸ್ಟೀನರಂಥವರಿಗೇ ಇವು ಬೇಕಾಗಿದ್ದವು ಎಂದ ಮೇಲೆ ನಮ್ಮವರಿಗೆ ಬೇಡವೆ?

ಮಾತಿನ ಪ್ರತಿಭೆಯೇ ಇಲ್ಲದವರ ಕಥೆಯೇನು ಎಂದರೆ ಸಂತ ಜಾನ್ ಮರಿಯ ವಿಯಾನ್ನಿಯವರಿದ್ದಾರೆ. ಲ್ಯಾಟಿನ್ ತಲೆಗೆ ಹತ್ತದೆ ಗುರುಮಠದಲ್ಲಿ ಒದ್ದಾಡಿದವರು ಅವರು. 1818ರಲ್ಲಿ ಆರ್ಸ್ ಎಂಬ ಹಳ್ಳಿಗೆ ಬಂದ ಮೇಲೆ ಪ್ರಬೋಧನೆಗಳನ್ನು ಕಷ್ಟಪಟ್ಟು ಬರೆದು ಬಾಯಿಪಾಠ ಮಾಡಿ ಪೀಠವೇರುತ್ತಿದ್ದರು. ಧರ್ಮಸಭೆ 1929ರಲ್ಲಿ ವಿಚಾರಣೆ ಗುರುಗಳ ಪಾಲಕರನ್ನಾಗಿ ಸಾರಿದ್ದು ಅವರನ್ನೇ.

ನಮ್ಮ ನೆಲದಲ್ಲೇ ಇದಕ್ಕೊಂದು ಪಾಠಶಾಲೆಯಿದೆ. ಕರಾವಳಿ, ಮಲೆನಾಡುಗಳ ತಾಳಮದ್ದಲೆಯನ್ನು ನೋಡಿರಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲೇ ಅದರ ಅರ್ಥವನ್ನು ಅರಳಿಸುತ್ತಾರೆ. ಮಾತು ಆಶುವಾದರೂ ಅದರ ಹಿಂದೆ ಪುರಾಣಗಳ ಓದು, ಹಿರಿಯರ ಪಕ್ಕದಲ್ಲಿ ಕುಳಿತು ಕೇಳಿದ ರಾತ್ರಿಗಳು, ಸಣ್ಣ ಪಾತ್ರಗಳಲ್ಲಿ ಪಳಗಿದ ವರ್ಷಗಳು ಇರುತ್ತವೆ. ಪ್ರಸಂಗವನ್ನೇ ಓದದೆ ಯಾವ ಅರ್ಥಧಾರಿಯೂ ವೇದಿಕೆಯಲ್ಲಿ ಕುಳಿತುಕೊಳ್ಳುವುದಿಲ್ಲ. ವಾಚನದ ನಂತರ ಅರ್ಥ ಹೇಳುವ ಗುರುಗಳ ಕೆಲಸವೂ ಇದೇ ಜಾತಿಯದು. ಶನಿವಾರ ರಾತ್ರಿ ಮೊಬೈಲಿನಲ್ಲಿ ಸಿಕ್ಕಿದ ಪ್ರಬೋಧನೆಯನ್ನು ಭಾನುವಾರ ಬೆಳಗ್ಗೆ ಓದಿಬಿಡುವುದು ಇದಕ್ಕೆ ಬದಲಿಯಾಗಲಾರದು. ಅದನ್ನು ಬರೆದವರಿಗೆ ನಮ್ಮ ಊರಿನ ಕಷ್ಟ ಗೊತ್ತಿಲ್ಲ.

ಕೆಲವರು ಆಕ್ಷೇಪಿಸಬಹುದು: ಬಲಿಪೂಜೆಯಲ್ಲಿ ಮುಖ್ಯವಾದದ್ದು ಪರಮ ಪ್ರಸಾದ, ಪ್ರಬೋಧನೆಯಲ್ಲ ಎಂದು. ವಾಕ್ಯದ ಮೇಜು, ಪ್ರಸಾದದ ಮೇಜು ಎರಡೂ ಒಂದೇ ಔತಣದವು. ಎಮ್ಮಾವುಸಿನ ದಾರಿಯಲ್ಲಿ ಶಿಷ್ಯರ ಹೃದಯ ಕುದಿದದ್ದು ರೊಟ್ಟಿ ಮುರಿಯುವುದಕ್ಕೆ ಮುಂಚೆ, ಗ್ರಂಥಾರ್ಥ ಕೇಳುವಾಗಲೇ. ಇನ್ನು ಕೆಲವರು, ಏನು ಹೇಳಬೇಕೆಂಬುದನ್ನು ಪವಿತ್ರಾತ್ಮರೇ ತಿಳಿಸುತ್ತಾರೆಂದು ಪ್ರಭುವೇ ಹೇಳಿಲ್ಲವೆ ಎನ್ನುತ್ತಾರೆ. ಹೇಳಿದ್ದಾರೆ, ಆದರೆ ಅದು ಹಿಂಸೆಗೆ ಗುರಿಯಾಗಿ ನ್ಯಾಯಸ್ಥಾನದ ಮುಂದೆ ನಿಲ್ಲುವವರಿಗೆ ಕೊಟ್ಟ ಭರವಸೆ. ವಾರವಿಡೀ ಪುಸ್ತಕ ತೆರೆಯದವರಿಗೆ ಕೊಟ್ಟ ವಿನಾಯಿತಿಯಲ್ಲ.

ಗುರುಗಳಿಗೆ ಸಮಯವಿಲ್ಲ ಎಂಬ ಮೂರನೆಯ ಆಕ್ಷೇಪದಲ್ಲಿ ನಿಜಾಂಶವಿದೆ. ಶಾಲೆಯ ಲೆಕ್ಕಪತ್ರ, ಕಟ್ಟಡದ ಕೆಲಸ, ಸಂಘಗಳ ಸಭೆ, ವಾರ್ಷಿಕೋತ್ಸವ ಎಂದು ಕಿರಿಯ ಗುರುಗಳ ಹೆಗಲಿಗೆ ಹೊರೆ ಏರಿಸುವವರು ನಾವೇ, ವಿಚಾರಣೆ ಗುರುಗಳೂ ವಿಶ್ವಾಸಿಗಳೂ. ಆದ್ದರಿಂದ ಇಳಿಸಬೇಕಾದವರೂ ನಾವೇ.

ಈ ವಿಷಯದಲ್ಲಿ ಪಣಕ್ಕಿರುವುದು ಏನೆಂಬುದು ಭಾನುವಾರಕ್ಕಿಂತ ಸಾವಿನ ಮನೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಸಾಲದ ಹೊರೆಯಿಂದ ತಾನೇ ಪ್ರಾಣ ಕಳೆದುಕೊಂಡ ರೈತನ ಶವಪೆಟ್ಟಿಗೆಯ ಮುಂದೆ ನಿಂತು ಇಪ್ಪತ್ತೊಂಬತ್ತರ ಗುರುಗಳು ಮಾತನಾಡಬೇಕಾಗುತ್ತದೆ. ಮುಂದಿನ ಬೆಂಚಿನಲ್ಲಿ ವಿಧವೆ, ಮಕ್ಕಳು. ಆ ಹೊತ್ತಿನಲ್ಲಿ ಪಾಪದ ಬಗೆಗೊಂದು ಒರಟು ವಾಕ್ಯ ಬಾಯಿಂದ ಜಾರಿದರೆ ಆ ಕುಟುಂಬ ದೇವಾಲಯದ ಮೆಟ್ಟಿಲನ್ನು ಮತ್ತೆ ಹತ್ತದಿರಬಹುದು. ದೇವರ ಕರುಣೆಯನ್ನು ತಕ್ಕ ಮಾತಿನಲ್ಲಿ ಹೇಳಿದರೆ ಅದೇ ಮಕ್ಕಳು ಅದನ್ನು ಬದುಕಿನುದ್ದಕ್ಕೂ ಇಟ್ಟುಕೊಳ್ಳುತ್ತಾರೆ. ಇಂಥ ಮಾತನ್ನು ಆ ಗಳಿಗೆಯಲ್ಲಿ ಕಲಿಯಲಾಗದು. ಮುಂಚಿತವಾಗಿ, ಅನುಭವಿಗಳೊಡನೆ ಕುಳಿತು ಕಲಿತಿರಬೇಕು.

ಆದ್ದರಿಂದ ನಮ್ಮ ಸಲಹೆಗಳು ಸರಳವಾಗಿವೆ. ಒಂದು, ದೀಕ್ಷೆಯ ನಂತರದ ಮೊದಲ ಐದು ವರ್ಷಗಳಲ್ಲಿ ಪ್ರತಿ ಗುರುವಿಗೂ ವರ್ಷಕ್ಕೆರಡು ಬಾರಿ ಮೂರು ದಿನಗಳ ಪ್ರಬೋಧನ ಶಿಬಿರವನ್ನು ಧರ್ಮಪ್ರಾಂತ್ಯ ಕಡ್ಡಾಯಗೊಳಿಸಲಿ. ಅಲ್ಲಿ ಉಪನ್ಯಾಸಗಳು ಕಡಿಮೆಯಿರಲಿ. ಒಬ್ಬರು ಬೋಧಿಸಲಿ, ಉಳಿದವರು ಕೇಳಿ ತಿದ್ದಲಿ. ಕನ್ನಡದ ಒಳ್ಳೆಯ ಅಧ್ಯಾಪಕರನ್ನೂ ನುರಿತ ಅರ್ಥಧಾರಿಯನ್ನೂ ಕರೆಸಲಿ, ಅವರು ಯಾವ ಮತದವರಾದರೂ ಸರಿಯೆ. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ಎನ್.ಬಿ.ಸಿ.ಎಲ್.ಸಿ. ಕೇಂದ್ರವಿರುವ ರಾಜ್ಯ ನಮ್ಮದು. ಪರಂಪರೆಯಿಲ್ಲವೆಂಬ ನೆಪ ಸಲ್ಲದು. ಎರಡು, ನೆರೆಯ ಮೂರು ನಾಲ್ಕು ಧರ್ಮಕೇಂದ್ರಗಳ ಗುರುಗಳು ವಾರಕ್ಕೊಮ್ಮೆ ಸೇರಿ ಮುಂದಿನ ಭಾನುವಾರದ ವಾಚನಗಳನ್ನು ಓದಲಿ. ಒಬ್ಬ ರೈತ, ಒಬ್ಬ ನರ್ಸ್, ಒಬ್ಬ ಶಿಕ್ಷಕಿ ಆ ಕೂಟದಲ್ಲಿರಲಿ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಈ ಅಭ್ಯಾಸವಿಲ್ಲದಿದ್ದರೆ ಹಳೆಯ ಪ್ರಬೋಧನೆಗಳೂ ಅವುಗಳೊಡನೆ ಮರಳಿ ಬರುತ್ತವೆ. ಮೂರು, ಸಹಾಯಕ ಗುರುಗಳ ಮಾತನ್ನು ವಿಚಾರಣೆ ಗುರುಗಳು ಕುಳಿತು ಕೇಳಲಿ. ತಿದ್ದುವುದಿದ್ದರೆ ಊಟದ ಮೇಜಿನಲ್ಲಿ ನಾಲ್ವರ ಮುಂದೆ ಬೇಡ, ಕೋಣೆಯಲ್ಲಿ ಒಬ್ಬರಿಗೊಬ್ಬರು ಮಾತನಾಡಲಿ. ಮೆಚ್ಚುವುದಿದ್ದರೆ ಎಲ್ಲರ ಮುಂದೆ ಮೆಚ್ಚಲಿ.

ಬಾವಿ ತೋಡಿದವರು ಅದನ್ನು ಹಾಗೆಯೇ ಬಿಡುವುದಿಲ್ಲ, ಕಾಲಕಾಲಕ್ಕೆ ಹೂಳೆತ್ತುತ್ತಾರೆ. ಹೂಳೆತ್ತದ ಬಾವಿಯಲ್ಲಿ ನೀರಿದ್ದರೂ ಕುಡಿಯಲು ಬಾರದು.

ಪ್ರಿಯ ವಾಚಕರೇ, ಇದರಲ್ಲಿ ನಿಮಗೂ ಪಾಲಿದೆ. ಪ್ರೇಷಿತ ಪೌಲರು ತ್ರೋವದಲ್ಲಿ ನಡುರಾತ್ರಿಯವರೆಗೆ ಬೋಧಿಸಿದಾಗ ತರುಣನೊಬ್ಬ ನಿದ್ದೆಹೋಗಿ ಮೂರನೆಯ ಅಂತಸ್ತಿನ ಕಿಟಕಿಯಿಂದ ಬಿದ್ದನೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತವೆ. ಪೌಲರು ಕೆಳಗಿಳಿದು ಬಂದು ಅವನನ್ನು ತಬ್ಬಿಕೊಂಡರು. ಬೋಧಕರಿಗೆ ಈ ಅಕ್ಕರೆ ಇರಬೇಕು, ಕೇಳುಗರಿಗೂ ಇರಬೇಕು. ಪ್ರಬೋಧನೆ ಹಿಡಿಸದಿದ್ದರೆ ದೇವಾಲಯದ ಅಂಗಳದಲ್ಲಿ ಗುಸುಗುಸು ಆಡಬೇಡಿರಿ. ಗುರುಗಳ ಬಳಿಗೆ ಹೋಗಿ ಯಾವ ಮಾತು ತಿಳಿಯಲಿಲ್ಲ, ಯಾವ ಮಾತು ತಾಕಿತು ಎಂದು ವಿನಯದಿಂದ ಹೇಳಿರಿ. ಶನಿವಾರ ಸಂಜೆ ಅವರನ್ನು ಸಭೆ ಸಮಾರಂಭಗಳಿಗೆ ಎಳೆಯಬೇಡಿರಿ. ಆ ಸಂಜೆ ಅವರು ಪುಸ್ತಕದ ಮುಂದೆ, ಪ್ರಭುವಿನ ಮುಂದೆ ಇರಲಿ. ಮರುದಿನ ಬೆಳಗ್ಗೆ ಅದರ ಫಲ ಸಿಗುವುದು ನಿಮಗೂ ನಿಮ್ಮ ಮಕ್ಕಳಿಗೂ.